ಮೊದಲ ಐದು ನಿಮಿಷ ಯಾರ ಕೈಯಲ್ಲಿ?
ಕೆಲಸದ ಸ್ಥಳದಲ್ಲಿ ಪ್ರಥಮ ಚಿಕಿತ್ಸೆ: ಒಂದು ಸಮೀಕ್ಷೆ

ಹೃದಯ ನಿಂತು ನೆಲಕ್ಕೆ ಬಿದ್ದವರ ಎದೆಯ ನಡುವೆ ಎರಡು ಕೈಯಿಟ್ಟು ಒತ್ತುತ್ತಾ ರಕ್ತ ಹರಿಯುವಂತೆ ಮಾಡುವ ಸಿಪಿಆರ್ ಈಗ ಬಹಳ ಜನರಿಗೆ ಪರಿಚಿತವಾದ ಹೆಸರು. ಆ ವಿದ್ಯೆಯ ಬೇರು ವಿದ್ಯುತ್ ಕಂಬದ ಬುಡದಲ್ಲಿದೆ ಎಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. 1920ರ ದಶಕದಲ್ಲಿ ಅಮೆರಿಕದ ವಿದ್ಯುತ್ ಕಂಪನಿಗಳ ಲೈನ್‌ಮನ್‌ಗಳು ಶಾಕ್ ಹೊಡೆದು ಸಾಯುವುದು ಹೆಚ್ಚಿದಾಗ, ಆ ಸಾವುಗಳನ್ನು ತಡೆಯುವ ದಾರಿ ಹುಡುಕಲು ಉದ್ಯಮವೇ ಸಂಶೋಧನೆಗೆ ಹಣ ಕೊಟ್ಟಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆ ಕೆಲಸ ಕೈಗೆತ್ತಿಕೊಂಡ ವಿಲಿಯಂ ಕೌವೆನ್‌ಹೋವೆನ್ ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ದಶಕಗಳ ಪ್ರಯೋಗದ ನಂತರ 1960ರಲ್ಲಿ ಅವರು ಜೇಮ್ಸ್ ಜೂಡ್ ಮತ್ತು ಗೈ ನಿಕರ್‌ಬಾಕರ್ ಜೊತೆಗೂಡಿ ಪ್ರಕಟಿಸಿದ ಲೇಖನ, ಎದೆ ಸೀಳದೆ ಹೊರಗಿನಿಂದಲೇ ಹೃದಯವನ್ನು ಒತ್ತಿ ನಡೆಸಬಹುದು ಎಂದು ತೋರಿಸಿಕೊಟ್ಟಿತು.

ಏಳು ವರ್ಷಗಳ ನಂತರ, 1967ರಲ್ಲಿ, ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ರ‍್ಯಾಂಡಲ್ ಚಾಂಪಿಯನ್ ಎಂಬ ಲೈನ್‌ಮನ್‌ಗೆ ಕಂಬದ ಮೇಲೆಯೇ ಶಾಕ್ ಹೊಡೆಯಿತು. ಸೊಂಟದ ಪಟ್ಟಿಗೆ ಆತ ತಲೆಕೆಳಗಾಗಿ ಜೋತುಬಿದ್ದ. ಜೊತೆಗಾರ ಜೆ.ಡಿ. ಥಾಂಪ್ಸನ್ ಕಂಬ ಹತ್ತಿ, ಅಲ್ಲಿಯೇ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಚಾಂಪಿಯನ್ ಬದುಕಿದರು. ಛಾಯಾಗ್ರಾಹಕ ರಾಕೊ ಮೊರಾಬಿಟೊ ತೆಗೆದ ಆ ಕ್ಷಣದ ಚಿತ್ರಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ಥಾಂಪ್ಸನ್ ಪಕ್ಕದಲ್ಲಿದ್ದರು, ಏನು ಮಾಡಬೇಕೆಂದು ಬಲ್ಲವರಾಗಿದ್ದರು, ಯಾರನ್ನೂ ಕೇಳಲು ನಿಲ್ಲಲಿಲ್ಲ. ಕೆಲಸದ ಸ್ಥಳದ ಪ್ರಥಮ ಚಿಕಿತ್ಸೆಗೆ ಬೇಕಾದದ್ದು ಮೂರು: ಸಾಮಗ್ರಿ, ತಿಳಿವಳಿಕೆ, ಅಧಿಕಾರ. ನಮ್ಮ ಕಾನೂನು ಸಾಮಗ್ರಿಯ ಬಗ್ಗೆ ವಿವರವಾಗಿ ಮಾತಾಡಿದೆ. ತಿಳಿವಳಿಕೆಯ ಬಗ್ಗೆ ಅರ್ಧ ಮಾತಾಡಿದೆ. ಪಕ್ಕದಲ್ಲಿ ನಿಂತ ಸಾಮಾನ್ಯ ಕೆಲಸಗಾರ ಅಪ್ಪಣೆಗೆ ಕಾಯದೆ ಮುಂದಾಗುವ ಅಧಿಕಾರದ ಬಗ್ಗೆ ಬಹುಮಟ್ಟಿಗೆ ಸುಮ್ಮನಿದೆ. ಜೀವಗಳು ಹೋಗುತ್ತಿರುವುದು ಹೆಚ್ಚಾಗಿ ಈ ಮೂರನೆಯದರ ಕೊರತೆಯಿಂದ ಎಂಬುದೇ ಈ ಲೇಖನದ ವಾದ.

ದುಡಿಯುವವರ ನಡುವೆ ಬೆಳೆದ ವಿದ್ಯೆ

ಪ್ರಥಮ ಚಿಕಿತ್ಸೆ ಯುದ್ಧಭೂಮಿಯಲ್ಲಿ ಹುಟ್ಟಿತು ಎನ್ನುವುದು ವಾಡಿಕೆ. ಅದರಲ್ಲಿ ಸತ್ಯವಿದೆ. 1859ರ ಸಾಲ್ಫೆರಿನೊ ಕಾಳಗದ ಗಾಯಾಳುಗಳನ್ನು ಕಂಡ ಹೆನ್ರಿ ಡ್ಯುನಾಂಟ್‌ರಿಂದ ರೆಡ್‌ಕ್ರಾಸ್ ಹುಟ್ಟಿತು. ಆದರೆ ಸಾಮಾನ್ಯ ಜನರಿಗೆ ಅದನ್ನು ಪಾಠವಾಗಿ ಕಲಿಸುವ ಕೆಲಸ ಬೆಳೆದದ್ದು ದುಡಿಮೆಯ ಊರುಗಳಲ್ಲಿ. 1877ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಯಾದ ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ, ರೈಲ್ವೆ ಕಾರ್ಮಿಕರ ನಡುವೆ, ಪೊಲೀಸರ ನಡುವೆ ತರಗತಿ ನಡೆಸಿತು. ಗಾಯಾಳು ವೈದ್ಯರನ್ನು ತಲುಪುವ ಮೊದಲೇ ರಕ್ತ ಸೋರಿ ಸಾಯುತ್ತಿದ್ದ ಕಡೆಗಳಲ್ಲಿ ಜೊತೆಗಾರನೇ ಮೊದಲ ವೈದ್ಯ ಎಂಬ ಸರಳ ತರ್ಕ ಅದರ ಹಿಂದಿತ್ತು. 1882ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಶಸ್ತ್ರವೈದ್ಯ ಫ್ರೆಡ್ರಿಕ್ ಫಾನ್ ಎಸ್ಮಾರ್ಕ್ ಇದೇ ಬಗೆಯ ಶಾಲೆ ತೆರೆದರು.

ಕನ್ನಡ ನಾಡಿನಲ್ಲಿ ಈ ತರ್ಕ ಕೋಲಾರದ ಚಿನ್ನದ ಗಣಿಗಳಿಗೆ ಚೆನ್ನಾಗಿ ಒಪ್ಪುತ್ತಿತ್ತು. 2001ರಲ್ಲಿ ಮುಚ್ಚುವ ವೇಳೆಗೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ಸಿಡಿದು ಕಾಲು ಮುರಿದವನನ್ನು ಮೇಲಕ್ಕೆ ತರುವ ತನಕ ಅವನ ಜೀವ ಜೊತೆಗಿದ್ದವರ ಕೈಯಲ್ಲೇ ಇರುತ್ತಿತ್ತು. ಇಂದಿಗೂ ನಮ್ಮ ದೇಶದಲ್ಲಿ ಪ್ರಥಮ ಚಿಕಿತ್ಸೆಯನ್ನು ಸ್ಪರ್ಧೆಯಾಗಿ, ತಂಡ ಕಟ್ಟಿ, ಬಹುಮಾನವಿಟ್ಟು ಅಭ್ಯಾಸ ಮಾಡುವ ಸಂಪ್ರದಾಯ ಗಣಿಗಳಲ್ಲಿ ಉಳಿದಿದೆ. ಉಳಿದ ಹೆಚ್ಚಿನ ಕೈಗಾರಿಕೆಗಳಿಗೆ ಆ ಸಂಪ್ರದಾಯ ಅಷ್ಟಾಗಿ ಇಳಿದು ಬರಲಿಲ್ಲ.

ಪ್ರಶ್ನೆಯ ಗಾತ್ರ ದೊಡ್ಡದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2019ರಲ್ಲಿ ದುಡಿಮೆಗೆ ಸಂಬಂಧಿಸಿದ ಅಪಘಾತ ಮತ್ತು ಕಾಯಿಲೆಗಳಿಂದ ಜಗತ್ತಿನಲ್ಲಿ 29 ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಸಾವಿಗೆ ಎಡೆಮಾಡದ ಗಾಯಗಳು 39.5 ಕೋಟಿ. ಇವೆಲ್ಲವನ್ನೂ ಪ್ರಥಮ ಚಿಕಿತ್ಸೆ ತಡೆಯಲಾರದು. ಆದರೆ ಚಿಕ್ಕ ಗಾಯ ದೊಡ್ಡದಾಗದಂತೆ, ದೊಡ್ಡ ಗಾಯ ಸಾವಾಗದಂತೆ ನೋಡಿಕೊಳ್ಳುವ ಮೊದಲ ಅವಕಾಶ ಅದರದೇ.

ಕಾನೂನು ಎಣಿಸುವುದು ಏನನ್ನು?

ಏಳು ದಶಕಗಳಿಗೂ ಹೆಚ್ಚು ಕಾಲ ಈ ವಿಷಯದ ಮುಖ್ಯ ಆಧಾರವಾಗಿದ್ದದ್ದು 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಂ. ಪ್ರತಿ 150 ಕಾರ್ಮಿಕರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕು, ಅದರಲ್ಲಿ ನಿಗದಿತ ವಸ್ತುಗಳ ಹೊರತು ಬೇರೇನೂ ಇರಬಾರದು, ಪ್ರತಿ ಪೆಟ್ಟಿಗೆಗೆ ಪ್ರಮಾಣಪತ್ರ ಪಡೆದ ಒಬ್ಬ ಹೊಣೆಗಾರ ಇರಬೇಕು, ಆತ ಕೆಲಸದ ಹೊತ್ತಿನಲ್ಲಿ ಸದಾ ಸಿಗುವಂತಿರಬೇಕು, 500ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಆಂಬ್ಯುಲೆನ್ಸ್ ಕೊಠಡಿ ಇರಬೇಕು ಎಂದು ಅದು ಹೇಳಿತು. 1952ರ ಗಣಿ ಕಾಯ್ದೆ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆಗಳಲ್ಲಿಯೂ ಪ್ರಥಮ ಚಿಕಿತ್ಸೆಗೆ ಜಾಗವಿತ್ತು. ಇವೂ ಸೇರಿ ಹದಿಮೂರು ಕಾಯ್ದೆಗಳನ್ನು ಒಂದುಗೂಡಿಸಿದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಪೆಟ್ಟಿಗೆಯೂ ಆಂಬ್ಯುಲೆನ್ಸ್ ಕೊಠಡಿಯೂ ಅದರಲ್ಲಿ ಉಳಿದಿವೆ. ಆದರೆ ‘ಕಾರ್ಖಾನೆ’ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ ವಿದ್ಯುತ್ ಬಳಸುವಲ್ಲಿ 10ರಿಂದ 20ಕ್ಕೆ, ಬಳಸದಲ್ಲಿ 20ರಿಂದ 40ಕ್ಕೆ ಏರಿದೆ. ಪೀಣ್ಯ, ಬೊಮ್ಮಸಂದ್ರದ ಓಣಿಗಳಲ್ಲಿ ಹನ್ನೆರಡು, ಹದಿನೈದು ಜನ ದುಡಿಯುವ ಶೆಡ್ಡುಗಳ ಲೆಕ್ಕ ಹಿಡಿದರೆ ಈ ಬದಲಾವಣೆಯ ಅರ್ಥ ತಿಳಿಯುತ್ತದೆ.

ಇದಕ್ಕಿಂತ ಆಳದ ತೊಂದರೆ ಒಂದಿದೆ. ಪಟ್ಟಿ ಮಾಡಿದ ವಸ್ತುಗಳು ಇವೆಯೇ ಎಂದು ತಪಾಸಣಾಧಿಕಾರಿ ನೋಡಬಲ್ಲರು. ರಾತ್ರಿ ಪಾಳಿಯ ಎರಡು ಗಂಟೆಗೆ ಅವುಗಳನ್ನು ಬಳಸಬಲ್ಲವರು ಇದ್ದಾರೆಯೇ ಎಂದು ನೋಡುವುದು ಕಷ್ಟ. ಹೀಗಾಗಿ ಪೆಟ್ಟಿಗೆಯೇ ಗುರಿಯಾಗುತ್ತದೆ. ತಪಾಸಣೆಯ ಮುನ್ನಾದಿನ ತುಂಬುತ್ತದೆ, ನಂತರ ಬೀಗ ಬೀಳುತ್ತದೆ, ಬೀಗದ ಕೈ ಮನೆಗೆ ಹೋದ ಸೂಪರ್‌ವೈಸರ್ ಜೇಬಿನಲ್ಲಿರುತ್ತದೆ. ಪಟ್ಟಿಯೂ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ದೇಶದ ಹಲವು ರಾಜ್ಯಗಳ ಕಾರ್ಖಾನೆ ನಿಯಮಗಳ ಪಟ್ಟಿಯಲ್ಲಿ ಹಾವು ಕಚ್ಚಿದ ಜಾಗ ಕೊಯ್ಯುವ ಚಿಕ್ಕ ಚೂರಿಯೂ ಅದರ ಜೊತೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳುಗಳೂ ದಶಕಗಳ ಕಾಲ ಉಳಿದಿದ್ದವು. ಕಚ್ಚಿದ ಜಾಗ ಕೊಯ್ಯುವುದು ಹಾನಿಕರ ಎಂದು ವೈದ್ಯಲೋಕ ಹೇಳುತ್ತಾ ಬಂದ ಮೇಲೂ ಕಾನೂನು ಅದೇ ಚೂರಿಯನ್ನು ಇಡಿ ಎನ್ನುತ್ತಿತ್ತು. ವಸ್ತುವನ್ನು ಎಣಿಸುವ ವ್ಯವಸ್ಥೆ ವಿದ್ಯೆಯನ್ನು ಮರೆತಾಗ ಹೀಗಾಗುತ್ತದೆ.

ಯಂತ್ರ, ಬೆಂಕಿ, ವಿದ್ಯುತ್

ಪ್ರಥಮ ಚಿಕಿತ್ಸೆ ಎಲ್ಲ ಕಡೆಯೂ ಒಂದೇ ಅಲ್ಲ. ಪ್ರತಿ ಕೆಲಸಕ್ಕೂ ಅದರದೇ ಗಾಯವಿದೆ. ಪವರ್ ಪ್ರೆಸ್ ಇರುವ ಶೆಡ್ಡಿನಲ್ಲಿ ಬೆರಳು, ವೆಲ್ಡಿಂಗ್ ಮತ್ತು ಗ್ರೈಂಡಿಂಗ್ ಇರುವಲ್ಲಿ ಕಣ್ಣು, ಗಾರ್ಮೆಂಟ್ಸ್‌ನಲ್ಲಿ ಸೂಜಿ ಹೊಕ್ಕ ಬೆರಳು ಮತ್ತು ತಲೆಸುತ್ತಿ ಬೀಳುವುದು, ಹೋಟೆಲ್ ಅಡುಗೆಮನೆಯಲ್ಲಿ ಕಾದ ಎಣ್ಣೆ, ಸೆಂಟ್ರಿಂಗ್ ಕೆಲಸದಲ್ಲಿ ಎತ್ತರದಿಂದ ಬೀಳುವುದು.

ಬೆರಳು ತುಂಡಾದಾಗ ನಮ್ಮ ವರ್ಕ್‌ಶಾಪುಗಳಲ್ಲಿ ಥಟ್ಟನೆ ಕೈಗೆ ಸಿಗುವುದು ಗ್ರೀಸ್ ಹತ್ತಿದ ಕಾಟನ್ ವೇಸ್ಟ್. ಅದನ್ನೇ ಸುತ್ತಿ ಕಳಿಸುತ್ತಾರೆ, ತುಂಡಾದ ಭಾಗ ಯಂತ್ರದ ಕೆಳಗೇ ಉಳಿಯುತ್ತದೆ. ಮಾಡಬೇಕಾದದ್ದು ಹೀಗೆ: ಯಂತ್ರ ನಿಲ್ಲಿಸಿ, ಗಾಯದ ಮೇಲೆ ಶುಭ್ರ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದು, ಕೈಯನ್ನು ಮೇಲೆತ್ತಿ ಇರಿಸಬೇಕು. ತುಂಡಾದ ಭಾಗವನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಬೇಕು. ಮಂಜುಗಡ್ಡೆ ನೇರವಾಗಿ ತಾಗಿದರೆ ಚರ್ಮ, ರಕ್ತನಾಳ ಹಾಳಾಗುತ್ತವೆ. ಇದು ತಿಳಿದವರು ಒಬ್ಬರು ಅಲ್ಲಿದ್ದರೆ ಒಬ್ಬ ಕಾರ್ಮಿಕನ ಬೆರಳು, ಬೆರಳಿನ ಜೊತೆ ಅವನ ಕಸುಬು ಉಳಿಯಬಹುದು. ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ ಅಗಲ ಪಟ್ಟಿಯಿಂದ ಬಿಗಿದು, ಬಿಗಿದ ಹೊತ್ತನ್ನು ಬರೆದಿಡಬೇಕು. ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಲ್ಲದು.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಇಂಕು, ಅರಿಶಿನ ಹಚ್ಚುವುದು ಇನ್ನೂ ನಡೆದಿದೆ. ಇವು ಗಾಯದ ಬಿಸಿಯನ್ನು ಒಳಗೇ ಹಿಡಿದಿಡುತ್ತವೆ, ಸೋಂಕು ತರುತ್ತವೆ, ಗಾಯ ಎಷ್ಟು ಆಳ ಎಂದು ವೈದ್ಯರಿಗೆ ಕಾಣದಂತೆ ಮಾಡುತ್ತವೆ. ಬೇಕಾದದ್ದು ನಲ್ಲಿಯ ತಣ್ಣೀರು, ಅದೂ 20 ನಿಮಿಷ. ಊತ ಬರುವ ಮೊದಲೇ ಬಳೆ, ಉಂಗುರ ತೆಗೆಯಬೇಕು, ಮೈಗೆ ಅಂಟಿದ ಬಟ್ಟೆಯನ್ನು ಕೀಳಬಾರದು. ಆಮ್ಲ, ಕ್ಷಾರ ಚೆಲ್ಲಿದರೆ ತೊಳೆಯುವ ಹೊತ್ತು ಇನ್ನೂ ಹೆಚ್ಚಬೇಕು. ಅಂಥ ರಾಸಾಯನಿಕ ಬಳಸುವಲ್ಲಿ ಹತ್ತು ಸೆಕೆಂಡಿನೊಳಗೆ ತಲುಪುವಷ್ಟು ಹತ್ತಿರದಲ್ಲಿ, ಕನಿಷ್ಠ ಹದಿನೈದು ನಿಮಿಷ ನೀರು ಹರಿಸಬಲ್ಲ ಕಣ್ಣು ತೊಳೆಯುವ ನಲ್ಲಿ ಇರಬೇಕೆಂಬುದು ಜಗತ್ತಿನಲ್ಲಿ ಹೆಚ್ಚಾಗಿ ಒಪ್ಪಿರುವ ಅಮೆರಿಕದ ಮಾನದಂಡ. ಬಣ್ಣ ಹಾಕುವ, ಲೋಹಕ್ಕೆ ಲೇಪ ಕೊಡುವ ನಮ್ಮ ಸಣ್ಣ ಘಟಕಗಳಲ್ಲಿ ಇದು ಅಪರೂಪ.

ಎತ್ತರದಿಂದ ಬಿದ್ದವರನ್ನು ಕೈ ಒಬ್ಬರು, ಕಾಲು ಒಬ್ಬರು ಹಿಡಿದೆತ್ತಿ ಆಟೊದಲ್ಲಿ ಮಡಚಿ ಕೂರಿಸುವುದು ಕಟ್ಟಡ ಕೆಲಸದ ಕಡೆ ಸಾಮಾನ್ಯ ದೃಶ್ಯ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಬೆನ್ನುಮೂಳೆ ಮುರಿದಿದ್ದರೆ ಆ ಎತ್ತುವಿಕೆಯೇ ಸೊಂಟದ ಕೆಳಗಿನ ಬಲವನ್ನು ಶಾಶ್ವತವಾಗಿ ಕಸಿಯಬಹುದು. ಬೇರೆ ಅಪಾಯವಿಲ್ಲದಿದ್ದರೆ ಅಲುಗಿಸದೆ, ತಲೆ ಕುತ್ತಿಗೆ ನೇರವಾಗಿ ಹಿಡಿದು 108 ಆಂಬ್ಯುಲೆನ್ಸ್‌ಗೆ ಕಾಯಬೇಕು. ಸಾಗಿಸಲೇಬೇಕಾದರೆ ಸೆಂಟ್ರಿಂಗ್ ಹಲಗೆಯೇ ಸ್ಟ್ರೆಚರ್ ಆಗಬಲ್ಲದು.

ವಿದ್ಯುತ್ ಶಾಕ್‌ನಲ್ಲಿ ಮೊದಲ ಕೆಲಸ ಮೇನ್ ಸ್ವಿಚ್ ಆರಿಸುವುದು. ಅದು ಆಗದಿದ್ದರೆ, ಸಾಮಾನ್ಯ ಮನೆ-ಅಂಗಡಿ ವೋಲ್ಟೇಜಿನಲ್ಲಿ ಮಾತ್ರ, ಒಣ ಮರದ ಕೋಲಿನಿಂದ ತಂತಿ ಸರಿಸಬಹುದು. ಹೈಟೆನ್ಷನ್ ತಂತಿಯಾದರೆ ಲೈನ್ ಆಫ್ ಆಗುವ ತನಕ ಹತ್ತಿರವೂ ಸುಳಿಯಬಾರದು. ಉಸಿರಿಲ್ಲದಿದ್ದರೆ ಮುಂದಿನ ಕ್ಷಣದಿಂದಲೇ ಸಿಪಿಆರ್. ನಮ್ಮ ಎಸ್ಕಾಂಗಳ ಪವರ್‌ಮ್ಯಾನ್‌ಗಳು ಮಳೆಗಾಲದ ರಾತ್ರಿಗಳಲ್ಲಿ ಕಂಬ ಹತ್ತುವಾಗ ಕೆಳಗೆ ನಿಂತ ಜೊತೆಗಾರನಿಗೆ ಈ ವಿದ್ಯೆ ಕೈಗತವಾಗಿರಲೇಬೇಕು. ಜೊತೆಗಾರನೇ ಇಲ್ಲದೆ ಒಬ್ಬರನ್ನೇ ಕಂಬಕ್ಕೆ ಹತ್ತಿಸುವುದು ಪ್ರಥಮ ಚಿಕಿತ್ಸೆಯ ಸಾಧ್ಯತೆಯನ್ನೇ ಅಳಿಸಿಹಾಕಿದಂತೆ.

ಇಳಿಯಬಾರದ ಗುಂಡಿ

ಒಂದು ಬಗೆಯ ಅಪಘಾತದಲ್ಲಿ ನೆರವಿಗೆ ಧಾವಿಸುವ ಒಳ್ಳೆಯ ಗುಣವೇ ಸಾವಿಗೆ ಕಾರಣವಾಗುತ್ತದೆ. ಮ್ಯಾನ್‌ಹೋಲ್, ಶೌಚಗುಂಡಿ, ತ್ಯಾಜ್ಯದ ತೊಟ್ಟಿ, ಹಳೆಯ ಬಾವಿ ಇಂಥ ಜಾಗಗಳು. ಕೊಳೆತ ವಸ್ತುವಿನಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಕೊಂಚವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಇಲ್ಲವೆಂದು ಇಳಿದವನು ಒಂದೆರಡು ಉಸಿರಿಗೆ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನು, ಅವನಿಗಾಗಿ ಮೂರನೆಯವನು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕವೊಂದರ ತೊಟ್ಟಿಯಲ್ಲಿ ಹೀಗೆಯೇ ಐದು ಮಂದಿ ವಲಸೆ ಕಾರ್ಮಿಕರು ಸತ್ತರು. ಇಂಥ ಇಕ್ಕಟ್ಟಿನ ಜಾಗಗಳ ಸಾವುಗಳಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ರಕ್ಷಿಸಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲಿಯೇ ಎಚ್ಚರಿಸಿತ್ತು.

ಇಲ್ಲಿ ಪ್ರಥಮ ಚಿಕಿತ್ಸೆಯ ಮೊದಲ ಪಾಠ ಇಳಿಯಬೇಡಿ ಎಂಬುದು. ಮೇಲಿನಿಂದ ಗಾಳಿ ಊದಿಸಿ, 112ಕ್ಕೆ ಕರೆ ಮಾಡಿ, ಉಸಿರಾಟದ ಉಪಕರಣವಿರುವ ಅಗ್ನಿಶಾಮಕ ದಳ ಬರುವ ತನಕ ಬೇರೆಯವರನ್ನು ತಡೆದು ನಿಲ್ಲಿಸುವುದೂ ಜೀವರಕ್ಷಣೆಯೇ. ಒಳಗಿರುವವರ ಸೊಂಟಕ್ಕೆ ಹಗ್ಗವಿದ್ದರೆ ಮೇಲಿಂದ ಎಳೆಯಬಹುದು. ಮಲಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಂತೆ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಚರಂಡಿಗೆ ಇಳಿಸುವಂತಿಲ್ಲ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದರೂ ಇಳಿಸುವುದು ನಿಂತಿಲ್ಲ. ಇಳಿಸಿದ ಮೇಲೆ ಕಾಪಾಡುವ ದಾರಿ ಬಹಳ ಕಿರಿದು. ಇಲ್ಲಿ ತಡೆಯುವುದೊಂದೇ ನಿಜವಾದ ಚಿಕಿತ್ಸೆ.

ಗೋಡೆಯಿಲ್ಲದ ಕೆಲಸದ ಸ್ಥಳ

ನಮ್ಮ ದುಡಿಯುವ ಜನರಲ್ಲಿ ಬಹುಪಾಲು ಮಂದಿ ಕಾರ್ಖಾನೆಯ ಗೇಟು ಕಂಡವರಲ್ಲ. ಹೊಲ, ತೋಟ, ರಸ್ತೆ, ಕಲ್ಲುಕ್ವಾರಿಗಳೇ ಅವರ ಕೆಲಸದ ಸ್ಥಳ. ಪೆಟ್ಟಿಗೆ ತೂಗುಹಾಕಲು ಅಲ್ಲಿ ಗೋಡೆಯೇ ಇಲ್ಲ.

ಹಾವು ಕಡಿತ ಮುಖ್ಯವಾಗಿ ದುಡಿಮೆಯ ಗಾಯ ಎಂಬುದನ್ನು ನಾವು ಮರೆಯುತ್ತೇವೆ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ವರ್ಷಕ್ಕೆ ಸರಾಸರಿ 58 ಸಾವಿರ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದ್ದು ಒಳ್ಳೆಯ ಹೆಜ್ಜೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಯಾವುದೇ ಕಚ್ಚಿದರೂ ಗದ್ದೆಯ ಬದುವಿನಲ್ಲಿ ಮಾಡಬೇಕಾದದ್ದು ಒಂದೇ: ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಓಡಲು ಬಿಡದೆ, ಕಚ್ಚಿದ ಕೈಕಾಲನ್ನು ಕೋಲು ಕಟ್ಟಿ ಅಲುಗದಂತೆ ಮಾಡಿ, ಉಂಗುರ, ಕಾಲ್ಗೆಜ್ಜೆ ತೆಗೆದು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧಕ್ಕೆಂದು ಹೊತ್ತು ಕಳೆಯುವುದು ಎಲ್ಲವೂ ಕೇಡು.

ಕೀಟನಾಶಕ ಸಿಂಪಡಿಸುವವರಿಗೆ ವಿಷ ಬಾಯಿಂದಷ್ಟೇ ಅಲ್ಲ, ಬೆವೆತ ಚರ್ಮದ ಮೂಲಕವೂ ಏರುತ್ತದೆ. ಜೊಲ್ಲು ಸೋರುವುದು, ಕಣ್ಣಿನ ಪಾಪೆ ಚಿಕ್ಕದಾಗುವುದು, ಉಸಿರು ಕಟ್ಟುವುದು ಕಂಡರೆ ಬಟ್ಟೆ ಕಳಚಿ ಸೋಪು ನೀರಿನಿಂದ ಮೈ ತೊಳೆದು, ವಾಂತಿ ಮಾಡಿಸದೆ, ಔಷಧದ ಡಬ್ಬಿಯನ್ನೂ ಜೊತೆಗೆ ಆಸ್ಪತ್ರೆಗೆ ಒಯ್ಯಬೇಕು. ಡಬ್ಬಿಯ ಮೇಲಿನ ತ್ರಿಕೋನದ ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ವಿಷದ ತೀವ್ರತೆ ಹೇಳುತ್ತದೆ. ಕೆಂಪು ಅತ್ಯಂತ ತೀವ್ರ.

ಮಲೆನಾಡಿನಲ್ಲಿ ಅಡಿಕೆ ಮರ ಏರುವ ಕೊನೆಗಾರರು, ಕೊಡಗು, ಚಿಕ್ಕಮಗಳೂರಿನಲ್ಲಿ ಅಲ್ಯೂಮಿನಿಯಂ ಏಣಿ ಹೊತ್ತು ಕರಿಮೆಣಸು ಬಿಡಿಸುವವರು ಬೀಳುವ ಅಪಾಯದ ಜೊತೆಗೆ, ಏಣಿ ತಂತಿಗೆ ತಗುಲುವ ಅಪಾಯವನ್ನೂ ಹೊತ್ತು ನಡೆಯುತ್ತಾರೆ. ಹೆಜ್ಜೇನು ಎದ್ದರೆ ತುಟಿ ಊದಿಕೊಂಡು ಉಸಿರು ಕಟ್ಟುವವರನ್ನು ಒಂದು ನಿಮಿಷವೂ ಕಾಯಿಸದೆ ಆಸ್ಪತ್ರೆಗೆ ಕಳಿಸಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುತ್ತಾರೆ. ಅದೇ ಬಿಸಿಲಿನಲ್ಲಿ ಡಾಂಬರು ಹಾಕುವವರಿಗೆ ಅಂಥ ರಕ್ಷಣೆ ಇಲ್ಲ. ಮೈ ಸುಡುತ್ತಾ ಮಾತು ತೊದಲುವುದು ಬಿಸಿಲಾಘಾತದ ಲಕ್ಷಣ. ನೆರಳಿಗೆ ಒಯ್ದು ಮೈಗೆಲ್ಲ ನೀರು ಸುರಿದು ಗಾಳಿ ಬೀಸಬೇಕು, ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಇನ್ನು ಮನೆಮನೆಗೆ ಊಟ ಮುಟ್ಟಿಸುವ ಹುಡುಗರಿಗಾಗಿ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ರಸ್ತೆಯೇ ಅವರ ಕಾರ್ಖಾನೆಯಾದ್ದರಿಂದ ಪ್ರಥಮ ಚಿಕಿತ್ಸೆಯ ತರಬೇತಿಯೂ ಆ ಕಲ್ಯಾಣದ ಭಾಗವಾಗಬೇಕು.

ಕಚೇರಿಯೂ ಸುರಕ್ಷಿತವಲ್ಲ

ಯಂತ್ರವಿಲ್ಲದ ಕಚೇರಿಗೆ ಪ್ರಥಮ ಚಿಕಿತ್ಸೆ ಏಕೆ ಎನ್ನುವವರಿದ್ದಾರೆ. ಹೃದಯಕ್ಕೆ ಕಚೇರಿ, ಕಾರ್ಖಾನೆ ಎಂಬ ಭೇದವಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರ ಹೃದಯಾಘಾತದ ಮಾತು ಮನೆಮನೆಗೆ ತಲುಪಿತು. ಅವರ ಹೆಸರಿನಲ್ಲಿ 2023ರಲ್ಲಿ ಆರಂಭವಾದ ಹೃದಯಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಮೊದಲ ಹೊತ್ತಿನ ಚಿಕಿತ್ಸೆ ಸಿಗುವಂತೆ ಮಾಡಲು ಹೊರಟಿತು. ಆದರೆ ಹೃದಯ ಪೂರ್ತಿ ನಿಂತುಹೋದವರಿಗೆ ತಾಲ್ಲೂಕು ಆಸ್ಪತ್ರೆಯೂ ದೂರವೇ. ಸಿಪಿಆರ್ ಮತ್ತು ವಿದ್ಯುತ್ ಆಘಾತ ಸಿಗದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. 2008ರಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಸೇವೆ ಎಷ್ಟೋ ಜೀವ ಉಳಿಸಿದೆ. ಬೆಂಗಳೂರಿನ ಸಂಜೆಯ ಟ್ರಾಫಿಕ್ಕನ್ನು ಸೀಳಿ ಅದು ಬರುವ ತನಕ ಪಕ್ಕದ ಮೇಜಿನವರೇ ಎದೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಲ್ಲಿಸದೆ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ತಾನೇ ಮಾತಾಡಿ ಹೆಜ್ಜೆಹೆಜ್ಜೆಗೆ ದಾರಿ ಹೇಳುತ್ತದೆ. ಸಾವಿರಾರು ಜನ ದುಡಿಯುವ ಟೆಕ್ ಪಾರ್ಕುಗಳಲ್ಲಿ, ಗಾರ್ಮೆಂಟ್ ಕಾರ್ಖಾನೆಗಳಲ್ಲಿ, ದೊಡ್ಡ ಬಸ್ ನಿಲ್ದಾಣಗಳಲ್ಲಿ ಅದು ಬೆಂಕಿ ಆರಿಸುವ ಸಿಲಿಂಡರಿನಷ್ಟೇ ಸಾಮಾನ್ಯವಾಗಬೇಕು.

ಮೂರ್ಛೆರೋಗ ಬಂದವರ ಕೈಗೆ ಬೀಗದ ಕೈ ತುರುಕುವುದು, ಹಲ್ಲಿನ ನಡುವೆ ಚಮಚ ಇಡುವುದು ಓದಿದವರ ಕಚೇರಿಗಳಲ್ಲಿಯೂ ನಡೆಯುತ್ತದೆ. ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದಿಟ್ಟು, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿದರೆ ಸಾಕು. ಐದು ನಿಮಿಷ ಮೀರಿದರೆ ಆಸ್ಪತ್ರೆ. ಮನಸ್ಸು ಕುಸಿದ ಸಹೋದ್ಯೋಗಿಯ ಮಾತನ್ನು ತೀರ್ಪು ಕೊಡದೆ ಕೇಳಿ, 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಜೋಡಿಸುವುದೂ ಇಂದಿನ ಪ್ರಥಮ ಚಿಕಿತ್ಸೆಯ ಭಾಗ.

ಅಪ್ಪಣೆಗೆ ಕಾಯುವ ಗಾಯ

ಇಷ್ಟೆಲ್ಲ ತಿಳಿದವರಿದ್ದರೂ ಹೊತ್ತು ಏಕೆ ಜಾರುತ್ತದೆ? ಕೆಲಸಗಾರ ಲೈನ್ ಸೂಪರ್‌ವೈಸರಿಗೆ ಹೇಳಬೇಕು, ಅವರು ಫ್ಲೋರ್ ಇನ್‌ಚಾರ್ಜ್‌ಗೆ, ಅವರು ಎಚ್‌ಆರ್‌ಗೆ. ಗಾಯಾಳು ಗುತ್ತಿಗೆಯವನಾದರೆ ಗುತ್ತಿಗೆದಾರನ ಫೋನ್ ಸಿಗಬೇಕು. ಆಮೇಲೆ ಕಂಪನಿಯ ವಾಹನ, ಇಎಸ್‌ಐ ಕಾರ್ಡ್ ಇದೆಯೇ ಎಂಬ ಹುಡುಕಾಟ, ಯಾವ ಆಸ್ಪತ್ರೆ ಎಂಬ ಚರ್ಚೆ. ಯಂತ್ರ ನಿಲ್ಲಿಸಿದರೆ ಉತ್ಪಾದನೆಯ ಲೆಕ್ಕ ತಪ್ಪುತ್ತದೆಂಬ ಅಂಜಿಕೆ. 108ಕ್ಕೆ ತಾನಾಗಿ ಕರೆ ಮಾಡಿದವರನ್ನು ಕೇಳದೆ ಏಕೆ ಮಾಡಿದೆ ಎಂದು ಗದರಿಸಿದರೆ ಇಡೀ ಪಾಳಿಗೆ ಪಾಠವಾಗುತ್ತದೆ.

ಬರೆದಿಡುವ ಭಯ ಇದಕ್ಕೆ ಸೇರುತ್ತದೆ. ಕಾರ್ಖಾನೆ ಕಾಯ್ದೆಯಡಿ 48 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ದುಡಿಯಲಾಗದಂಥ ಗಾಯವನ್ನು ಇಲಾಖೆಗೆ ತಿಳಿಸಬೇಕಿತ್ತು. ಪಾರದರ್ಶಕತೆಗಾಗಿ ಮಾಡಿದ ಈ ನಿಯಮ ಕೆಲವರಿಗೆ ಮುಚ್ಚಿಡುವ ಪ್ರೇರಣೆಯಾಯಿತು. ಗೇಟಿನ ಬಳಿ ಅಪಘಾತವಿಲ್ಲದ ದಿನಗಳ ಸಂಖ್ಯೆ ತೋರಿಸುವ ಫಲಕ, ಆ ಸಂಖ್ಯೆಗೆ ಕಟ್ಟಿದ ಬಹುಮಾನ ಇದ್ದಲ್ಲಿ ಗಾಯವನ್ನು ಹೇಳಿಕೊಳ್ಳುವುದೇ ಅಪರಾಧದಂತೆ ಕಾಣುತ್ತದೆ. ಕಾರ್ಮಿಕನಿಗೆ ಇದರಿಂದ ಎರಡು ನಷ್ಟ: ಗಾಯ ಕೆಡುತ್ತದೆ, ಜೊತೆಗೆ ಮುಂದೆ ಇಎಸ್‌ಐ ಅಥವಾ ಪರಿಹಾರ ಕೇಳಲು ಬೇಕಾದ ಪುರಾವೆಯೂ ಹೋಗುತ್ತದೆ. ಅಪಘಾತದ ಪುಸ್ತಕದಲ್ಲಿ ಅದೇ ದಿನ ಬರೆಸಿದ ಒಂದು ಸಾಲು ಬಡವನ ಪಾಲಿಗೆ ದೊಡ್ಡ ದಾಖಲೆ.

ರಸ್ತೆಯಲ್ಲಿ ಬಿದ್ದವರಿಗೆ ನೆರವಾಗುವವರ ಭಯ ನೀಗಲು ನಾವು ಕಾನೂನು ಮಾಡಿದ್ದೇವೆ. ಸುಪ್ರೀಂ ಕೋರ್ಟ್ 2016ರಲ್ಲಿ ಅಂಥವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು, ಕರ್ನಾಟಕ ಅದೇ ವರ್ಷ ತನ್ನದೇ ಕಾಯ್ದೆ ರೂಪಿಸಿತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಆ ರಕ್ಷಣೆ ಸೇರಿತು. ಸದ್ಭಾವನೆಯಿಂದ ಒಬ್ಬರ ಒಳಿತಿಗಾಗಿ ಮಾಡಿದ ಕೆಲಸ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಹೇಳುತ್ತದೆ. ಆದರೆ ಕೆಲಸದ ಸ್ಥಳದಲ್ಲಿ ಕಾರ್ಮಿಕ ಹೆದರುವುದು ಪೊಲೀಸರಿಗಲ್ಲ, ಕೆಲಸ ಹೋಗುವುದಕ್ಕೆ. ಆ ಭಯಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ.

ಬೇರೆ ದೇಶಗಳಿಂದ ಕಲಿಯುವುದು

ಜರ್ಮನಿಯಲ್ಲಿ ಲೆಕ್ಕ ಪೆಟ್ಟಿಗೆಯಿಂದ ಮನುಷ್ಯರ ಕಡೆಗೆ ತಿರುಗಿದೆ. 20ಕ್ಕಿಂತ ಹೆಚ್ಚು ಜನರಿರುವಲ್ಲಿ, ಕಚೇರಿ, ವ್ಯಾಪಾರಗಳಾದರೆ ಆ ಹೊತ್ತಿಗೆ ಹಾಜರಿರುವವರಲ್ಲಿ ಶೇ 5ರಷ್ಟು, ಉಳಿದ ಕೆಲಸಗಳಾದರೆ ಶೇ 10ರಷ್ಟು ಮಂದಿ ತರಬೇತಿ ಪಡೆದಿರಬೇಕು. ಹಾಜರಿರುವವರಲ್ಲಿ ಎಂಬುದೇ ಅದರ ಜೀವಾಳ. ರಾತ್ರಿ ಪಾಳಿಗೂ ಅದೇ ಲೆಕ್ಕ.

ಡೆನ್ಮಾರ್ಕ್ ಶಾಲೆಗಳಲ್ಲಿ, ಚಾಲನಾ ಪರವಾನಗಿಯ ಹೊತ್ತಿನಲ್ಲಿ ಸಿಪಿಆರ್ ಕಡ್ಡಾಯ ಮಾಡಿತು. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಶೇ 21ರಷ್ಟು ಮಂದಿಗೆ ಮಾತ್ರ ಪಕ್ಕದವರಿಂದ ಸಿಪಿಆರ್ ಸಿಗುತ್ತಿತ್ತು. 2010ಕ್ಕೆ ಅದು ಶೇ 45ರ ಹತ್ತಿರ ಏರಿತು. ಅದೇ ಅವಧಿಯಲ್ಲಿ ಮೂವತ್ತು ದಿನ ಬದುಕಿ ಉಳಿದವರು ಶೇ 3.5ರಿಂದ 10.8ಕ್ಕೆ ಹೆಚ್ಚಿದರು. ಆಂಬ್ಯುಲೆನ್ಸ್, ಆಸ್ಪತ್ರೆಗಳ ಸುಧಾರಣೆಯ ಪಾಲೂ ಇದರಲ್ಲಿದೆ. ಕಲಿತ ಕೈಗಳ ಪಾಲಂತೂ ಸ್ಪಷ್ಟ.

ಆಗಬೇಕಾದದ್ದು

ಹೊಸ ಸಂಹಿತೆಯ ಕಾಲದಲ್ಲಿ ರಾಜ್ಯದ ನಿಯಮಗಳು ನೆಲೆಗೊಳ್ಳುವಾಗ ಕೆಲವು ಕೆಲಸಗಳನ್ನು ಈಗಲೇ ಮಾಡಬಹುದು. ತಪಾಸಣೆಯ ಅಳತೆ ಬದಲಾಗಲಿ: ಪ್ರತಿ ಪಾಳಿಯಲ್ಲಿ, ಪ್ರತಿ ವಿಭಾಗದಲ್ಲಿ ಎಷ್ಟು ಮಂದಿ ಕಲಿತವರಿದ್ದಾರೆ ಎಂದು ಕೇಳಲಿ, ಒಬ್ಬರನ್ನು ಕರೆದು ಮಾಡಿ ತೋರಿಸಲು ಹೇಳಲಿ. ತರಬೇತಿ ಸಂಬಳದ ಹೊತ್ತಿನಲ್ಲೇ ನಡೆಯಲಿ. ಅದು ಆ ಕೆಲಸದ ಗಾಯಕ್ಕೆ ಹೊಂದುವಂತಿರಲಿ, ವರ್ಷಕ್ಕೊಮ್ಮೆ ಕೈಯಾರೆ ಅಭ್ಯಾಸವಾಗಲಿ. ಒಮ್ಮೆ ಕಲಿತ ಸಿಪಿಆರ್ ಅಭ್ಯಾಸವಿಲ್ಲದೆ ಕೆಲವೇ ತಿಂಗಳಲ್ಲಿ ಕೈತಪ್ಪುತ್ತದೆ.

ಗುತ್ತಿಗೆಯವರನ್ನೂ ಮಹಿಳೆಯರನ್ನೂ ಈ ತರಬೇತಿಯಿಂದ ಹೊರಗಿಡಬಾರದು. ಗಾರ್ಮೆಂಟ್ಸ್‌ನಲ್ಲಿ ಹೆಚ್ಚಿನವರು ಮಹಿಳೆಯರು. ಕುಸಿದ ಹೆಣ್ಣುಮಗಳ ಎದೆ ಮುಟ್ಟಲು ಗಂಡಸರು ಹಿಂಜರಿಯುವುದು ಜಗತ್ತಿನಾದ್ಯಂತ ಕಂಡುಬಂದಿರುವ ತೊಂದರೆ. ಪ್ರತಿ ಲೈನಿನಲ್ಲಿ ಕಲಿತ ಮಹಿಳೆಯರಿದ್ದರೆ ಆ ಹಿಂಜರಿಕೆಯಿಂದ ಜೀವ ಹೋಗುವುದಿಲ್ಲ. ಒಡಿಶಾ, ಬಿಹಾರ, ಅಸ್ಸಾಂ, ಬಂಗಾಳದಿಂದ ಬಂದವರು ದುಡಿಯುವಲ್ಲಿ ಸೂಚನೆಗಳು ಚಿತ್ರದಲ್ಲಿ ಮತ್ತು ಅವರ ಭಾಷೆಗಳಲ್ಲಿಯೂ ಇರಲಿ. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸದ ಮೇಟಿಗಳಿಗೆ, ಸ್ವಸಹಾಯ ಸಂಘದ ಸದಸ್ಯೆಯರಿಗೆ, ಕಟ್ಟಡದ ಮೇಸ್ತ್ರಿಗಳಿಗೆ ತರಬೇತಿ ಕೊಟ್ಟರೆ ಗೋಡೆಯಿಲ್ಲದ ಕೆಲಸದ ಸ್ಥಳಗಳಿಗೂ ವಿದ್ಯೆ ತಲುಪುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸೆಸ್ ಹಣಕ್ಕೆ ಇದಕ್ಕಿಂತ ನೇರವಾದ ಉಪಯೋಗ ಕಡಿಮೆ.

ಇವೆಲ್ಲಕ್ಕೂ ಮಿಗಿಲಾಗಿ ಒಂದು ಮಾತನ್ನು ನಿಯಮದಲ್ಲಿ ಬರೆಯಬೇಕು, ಬರೆದು ಪ್ರತಿ ಗೇಟಿನಲ್ಲಿ ತೂಗುಹಾಕಬೇಕು: ಜೀವಕ್ಕೆ ಅಪಾಯ ಕಂಡ ಯಾವ ಕೆಲಸಗಾರನಾದರೂ, ಹೆಲ್ಪರ್ ಆಗಿರಲಿ, ನಿನ್ನೆ ಸೇರಿದವನಾಗಿರಲಿ, ಯಾರ ಅಪ್ಪಣೆಯೂ ಇಲ್ಲದೆ ಯಂತ್ರ ನಿಲ್ಲಿಸಬಹುದು, ಪೆಟ್ಟಿಗೆ ತೆರೆಯಬಹುದು, 108ಕ್ಕೆ ಕರೆ ಮಾಡಬಹುದು, ಅದಕ್ಕಾಗಿ ಅವನನ್ನು ದಂಡಿಸುವುದು ಅಪರಾಧ. ಇದಕ್ಕೆ ಹಣ ಬೇಕಾಗಿಲ್ಲ, ಉಪಕರಣ ಬೇಕಾಗಿಲ್ಲ. ದುಡಿಯುವವನ ವಿವೇಕದಲ್ಲಿ ಮಾಲೀಕರು ಮತ್ತು ಸರ್ಕಾರ ನಂಬಿಕೆಯಿಡಬೇಕು, ಅಷ್ಟೇ. ದಿನವಿಡೀ ಲಕ್ಷಾಂತರ ರೂಪಾಯಿಯ ಯಂತ್ರವನ್ನು ಯಾರ ಕೈಗೆ ಒಪ್ಪಿಸುತ್ತೇವೋ, ಪಕ್ಕದವನ ಜೀವದ ಮೊದಲ ಐದು ನಿಮಿಷವನ್ನೂ ಅದೇ ಕೈಗೆ ಒಪ್ಪಿಸಲು ಹಿಂಜರಿಯಬಾರದು.